ಒಂದೇ ಗುಂಡಿಯ ಉಪಕಾರ

ಗಿಟಾರಿನವನ ಸಂಕಟಕ್ಕೆಲ್ಲ ಮೂಲ ಅವನ ಕಾಲು. ಕೈ ಚೆನ್ನಾಗಿಯೇ ನುಡಿಸುತ್ತಿತ್ತು. ಆದರೆ ಮುಂದೆ ಸಾಲಾಗಿ ಪೆಡಲುಗಳು. ಒಂದನ್ನು ತುಳಿದರೆ ಗಿಟಾರು ಪ್ರತಿಧ್ವನಿಸಬೇಕು, ಇನ್ನೊಂದಕ್ಕೆ ಗುಡುಗಬೇಕು, ಮತ್ತೊಂದಕ್ಕೆ ನಡುಗಬೇಕು. ಪಲ್ಲವಿಯಿಂದ ಚರಣಕ್ಕೆ ಬರುವಷ್ಟರಲ್ಲಿ ಒಂದನ್ನು ಆರಿಸಿ ಎರಡನ್ನು ಹೊತ್ತಿಸಲು ಅವನು ಕಾದ ಮರಳಿನ ಮೇಲೆ ಬರಿಗಾಲಲ್ಲಿ ನಿಂತವನಂತೆ ಕುಣಿಯುತ್ತಿದ್ದ. ಹೋದ ವಾರ ಶೂ ದಾರ ಸಿಕ್ಕಿಕೊಂಡು ಡ್ರಮ್ಮಿನ ಮೇಲೆಯೇ ಬಿದ್ದಿದ್ದ.

"ಇವತ್ತು ಸಂಜೆ ಒಂದ್ಸಲ ಕುಣಿದ್ರೂ ನಾಳೆಯಿಂದ ಬೇರೆಯವ್ರನ್ನ ನೋಡ್ಕೋತೀನಿ," ಎಂದು ಬ್ಯಾಂಡಿನ ಯಜಮಾನರು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಬಿಟ್ಟರು. ಆ ಬ್ಯಾಂಡು ಬಿಟ್ಟರೆ ಅವನನ್ನು ಕರೆಯುವವರು ಯಾರೂ ಇರಲಿಲ್ಲ.

ನೆರವಿಗೆ ಬಂದವನು ಭಾವಮೈದ, ಲಿಫ್ಟ್ ರಿಪೇರಿಯವನು. ಮಧ್ಯಾಹ್ನ ಒಂದು ಸ್ವಿಚ್ ಪೆಟ್ಟಿಗೆ ಮಾಡಿಕೊಂಡೇ ಬಂದ.

"ನೋಡಿ ಭಾವ, ಪೆಡಲುಗಳೆಲ್ಲ ಇದಕ್ಕೇ ಸೇರ್ಕೊಳ್ಳುತ್ತೆ. ಕಾಲಲ್ಲಿ ಒಂದು ಗುಂಡಿ ಒತ್ತಿದ್ರೆ ಬೇಕಾದ್ದೆಲ್ಲ ಒಟ್ಟಿಗೆ ಆನ್, ಬೇಡದ್ದೆಲ್ಲ ಆಫ್. ನೀವು ನಿಂತ ಜಾಗ ಬಿಟ್ಟು ಅಲ್ಲಾಡೋದೇ ಬೇಡ."

ತಂತಿ ಜೋಡಿಸುವಷ್ಟರಲ್ಲಿ ನೆರೆಹೊರೆ ಬಾಗಿಲಲ್ಲಿ ನೆರೆದಿತ್ತು. ಎದುರುಮನೆಯ ನರ್ಸಮ್ಮ, "ನಾನೊಂದ್ಸಲ ಒತ್ತಲಾ?" ಎನ್ನುತ್ತಲೇ ಒತ್ತಿದರು. ಗಿಟಾರು ಕಿರುಚಿತು. "ಹಿಮ್ಮಡಿ ನೋವಿಗೆ ಹಾಯಾಗಿದೆ ಕಣ್ರೀ," ಎಂದು ಮತ್ತೂ ಒತ್ತಿದರು. ಪಕ್ಕದ ಮನೆಯ ದರ್ಜಿಗೆ ತಂತಿಗಳ ಗೋಜಲು ಕಣ್ಣಿಗೆ ಚುಚ್ಚಿತು. ಅವನು ಪೆಡಲುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಪೆಟ್ಟಿಗೆಯನ್ನಷ್ಟೇ ಹೊರಗಿಟ್ಟು, ಚೀಲದ ಬಾಯಿ ಹೊಲಿದೇಬಿಟ್ಟ. ಗಿಟಾರಿನವನ ಬೈಕಿನ ಕೀಲಿಯೂ ಚೀಲದೊಳಗೇ ಉಳಿದದ್ದು ಹೊರಡುವಾಗ ಗೊತ್ತಾಯಿತು. ಭಾವಮೈದನೇ ಪೆಟ್ಟಿಗೆ, ಚೀಲ, ಭಾವ ಮೂರನ್ನೂ ತನ್ನ ಸ್ಕೂಟರಿಗೆ ಹೇರಿಕೊಂಡು ಹೊರಟ.

ಸಂಜೆ ಒಬ್ಬ ಅಜ್ಜಿಯ ಹುಟ್ಟುಹಬ್ಬ. ಗಿಟಾರಿನವನು ಕಂಬದಂತೆ ನಿಂತು ಗುಂಡಿ ಒತ್ತಿದ. ಗುಡುಗು, ನಡುಕ, ಪ್ರತಿಧ್ವನಿ ಎಲ್ಲ ಕರೆದಾಗ ಬಂದವು, ಹೋಗೆಂದಾಗ ಹೋದವು. ಯಜಮಾನರು ತಲೆದೂಗಿದರು. ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪರದೆಯ ಹಿಂದೆ ಭಾವಮೈದ ಸಡಿಲವಾದ ಪ್ಲಗ್ಗನ್ನು ಒತ್ತಿಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎನ್ನಿಸಿ ಗಿಟಾರಿನವನ ಕಣ್ಣು ತುಂಬಿತು.

ಹಾಡು ಮುಗಿಯಿತು. ಒಂದು ಚಪ್ಪಾಳೆಯೂ ಬೀಳಲಿಲ್ಲ.

"ಆ ಕುಣಿಯೋ ಹುಡುಗ ಬರ್ಲಿಲ್ವೇನೋ?" ಎಂದಳು ಅಜ್ಜಿ, ಇಡೀ ಸಭೆಗೆ ಕೇಳುವಂತೆ.

ಅಜ್ಜಿಯ ಮಗ ಯಜಮಾನರ ಬಳಿ ಓಡಿಬಂದ. "ಸಾರ್, ಹೋದ ವಾರ ಇವ್ರು ಡ್ರಮ್ ಮೇಲೆ ಬಿದ್ದಿದ್ದು ನೋಡಿ, ಅಪ್ಪ ಹೋದ್ಮೇಲೆ ಅಮ್ಮ ಮೊದಲನೇ ಸಲ ನಕ್ಕಿದ್ದು. ಅದಕ್ಕೇ ನಿಮ್ಮನ್ನ ಕರೆಸಿದ್ದು!"

ಯಜಮಾನರು ತಿರುಗಿದರು. "ಕುಣಿಯೋ!"

"ಎಲ್ಲಿಗೆ ಕುಣೀಲಿ ಸಾರ್? ಇರೋದೊಂದೇ ಪೆಟ್ಟಿಗೆ."

"ಮುಂಚೆ ಎಲ್ಲೆಲ್ಲಿ ಕುಣೀತಿದ್ಯೋ ಅಲ್ಲೆಲ್ಲ! ಇಲ್ಲಾಂದ್ರೆ ನಾಳೆಯಿಂದ ಬೇರೆಯವ್ರನ್ನ ನೋಡ್ಕೋತೀನಿ!"

ಗಿಟಾರಿನವನು ಬರಿ ನೆಲದ ಮೇಲೆ ಇಲ್ಲದ ಪೆಡಲುಗಳನ್ನು ತುಳಿಯುತ್ತ ಕುಣಿದ. ಮೂರನೆಯ ನೆಗೆತಕ್ಕೆ ದರ್ಜಿಯ ಚೀಲ ಕಾಲಿಗೆ ತೊಡರಿ ಸೀದಾ ಡ್ರಮ್ಮಿನೊಳಗೆ ಹೋಗಿ ಕೂತ. ಅಜ್ಜಿ ಬಿದ್ದು ಬಿದ್ದು ನಕ್ಕಳು. ಚಪ್ಪಾಳೆಗೆ ಸಭಾಂಗಣ ಅದುರಿತು.

ಚಪ್ಪಾಳೆಯನ್ನಷ್ಟೇ ಕೇಳಿಸಿಕೊಂಡಿದ್ದ ಭಾವಮೈದ ಪರದೆಯ ಹಿಂದಿನಿಂದ ಧಾವಿಸಿಬಂದ. "ಕೇಳಿದ್ರಾ ಭಾವ, ನಮ್ಮ ಪೆಟ್ಟಿಗೆಗೆ ಏನ್ ಚಪ್ಪಾಳೆ!"

ಗಿಟಾರಿನವನು ಡ್ರಮ್ಮಿನೊಳಗಿನಿಂದಲೇ ಅವನ ಎರಡೂ ಕೈ ಹಿಡಿದುಕೊಂಡ. ಹೇಳಬೇಕೆಂದಿದ್ದ ಮಾತು ಬೇರೆ ಇತ್ತು. ಆ ಮುಖ ನೋಡಿ ಬಾಯಿಗೆ ಬರಲಿಲ್ಲ.

"ಎಲ್ಲಾ ನಿನ್ನಿಂದಾನೇ ಕಣೋ," ಎಂದ. ಮನಸಾರೆ ಎಂದ.

"ಇಷ್ಟಕ್ಕೇ ಏನ್ ಭಾವ! ಮುಂದಿನ ಸಲ ಕಾಲೇ ಬೇಡ, ಹಂಗೆ ಮಾಡ್ಕೊಡ್ತೀನಿ."