ಓವನ್ನಿನಲ್ಲಿಟ್ಟ ಮತಪೆಟ್ಟಿಗೆ

ನ್ಯಾಯ, ನಿಷ್ಪಕ್ಷಪಾತ, ಪಾರದರ್ಶಕತೆ, ಈ ಮೂರೂ ಒಂದೇ ಅಂಗಿ ತೊಟ್ಟು ಆಕ್ಲೆಂಡಿನಲ್ಲಿ ಓಡಾಡಿದರೆ ಹೇಗಿರುತ್ತದೆಂದು ತಿಳಿಯಲು ನೀವು 2006ರ ಮಾರ್ಚಿನಲ್ಲಿ ನನ್ನನ್ನು ನೋಡಬೇಕಿತ್ತು. ನಮ್ಮ ಸಾಫ್ಟ್‌ಬಾಲ್ ತಂಡದ ಕೀರ್ತಿಮಂದಿರಕ್ಕೆ ಮೊದಲ ಹೆಸರು ಆರಿಸುವ ಚುನಾವಣೆಗೆ ನಾನೇ ಅಧಿಕಾರಿ. ಈ ದೇಶ ಹಿಂದೆಂದೂ ಕಂಡಿರದಂಥ ಚುನಾವಣೆ ನಡೆಸುತ್ತೇನೆಂದು ಹೆಂಡತಿ ಕಮಲಾಗೆ ಎದೆ ತಟ್ಟಿ ಹೇಳಿದೆ. ಆ ಮಾತೊಂದು ಅಕ್ಷರಶಃ ನಿಜವಾಯಿತು.

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಹೆಸರಿನಲ್ಲಿ ಸಾಫ್ಟ್ ಇದೆಯೆಂದು ನಂಬಿ ಮೊದಲ ದಿನವೇ ಪಕ್ಕೆಗೆ ಚೆಂಡು ತಿಂದವನು ನಾನು. ಪೆನ್‌ರೋಸಿನ ಗೋದಾಮುಗಳ ನಡುವೆ ಭಾನುವಾರ ಆಟ ನಡೆಯುತ್ತಿತ್ತು. ತಂಡದಲ್ಲಿ ಹೆಂಗಸರೂ ಇರಲೇಬೇಕೆಂಬುದು ನಿಯಮ. ಕ್ರಿಕೆಟ್ಟಾದರೆ ಇಡೀ ದಿನ ಹೋಗುತ್ತದೆ, ಇದಾದರೆ ಒಂದು ಗಂಟೆ ಎಂದು ಲೆಕ್ಕ ಹಾಕಿ ನಾವು ಕರ್ನಾಟಕದವರೆಲ್ಲ ಸೇರಿ 'ಪೆನ್‌ರೋಸ್ ಹುಲಿಗಳು' ತಂಡ ಕಟ್ಟಿದೆವು. ಎಂಟು ವರ್ಷ ಆಡಿ ಎರಡು ಕಪ್ ಗೆದ್ದೆವು. ಅದರಲ್ಲೊಂದು ಸದ್ವರ್ತನೆಗೆ ಕೊಟ್ಟದ್ದು.

ಆಮೇಲೆ ಎಲ್ಲರ ಮಂಡಿಗಳೂ ಒಟ್ಟಿಗೇ ಮುಷ್ಕರ ಹೂಡಿದವು. ತಂಡದ ಲೀಲಾ ಫಿಸಿಯೋಥೆರಪಿಸ್ಟ್. ಒಂದು ಸಂಜೆ ಎಲ್ಲರ ಕಾಲನ್ನೂ ಮಡಚಿ ಬಿಡಿಸಿ ನೋಡಿ, ಇನ್ನು ಸಾಕು ಎಂದಳು. ಹುಲಿಗಳು ಸಾಮೂಹಿಕವಾಗಿ ನಿವೃತ್ತರಾದರು. ಕೆಲವರು ಟೌರಂಗಾ ಕಡೆ ಹೋದರು. ಉಳಿದವರು ಆರು ಜನ: ನಾವಿಬ್ಬರು, ಲೀಲಾ ಮತ್ತು ಅವಳ ಗಂಡ ಶ್ರೀರಂಗ, ಪುಕೆಕೊಹೆಯಲ್ಲಿ ಈರುಳ್ಳಿ ಪ್ಯಾಕಿಂಗ್ ಶೆಡ್ ನೋಡಿಕೊಳ್ಳುವ ಬಾಬಾಜಾನ್ ಮತ್ತು ಅವರ ಹೆಂಡತಿ ಗುಲ್ಜಾರ್ ಬೇಗಂ. ಅವರಿಬ್ಬರೂ ಗದಗಿನವರು.

ನಿವೃತ್ತಿಯ ಬೇಸರದಲ್ಲಿ ಶ್ರೀರಂಗ ಇಂಟರ್‌ನೆಟ್ಟಿಗೆ ಬಿದ್ದ. ಅಮೆರಿಕದಲ್ಲಿ ನಿವೃತ್ತ ಬೇಸ್‌ಬಾಲ್ ಆಟಗಾರರಿಗೆ ಕೀರ್ತಿಮಂದಿರವಿದೆಯಂತೆ, ಪ್ರತಿ ವರ್ಷ ಮತ ಹಾಕಿ ಅರ್ಹರನ್ನು ಸೇರಿಸಿಕೊಳ್ಳುತ್ತಾರಂತೆ, ಯಾರು ಅರ್ಹರೆಂದು ದೇಶವೇ ಜಗಳಾಡುತ್ತದಂತೆ. ಜಗಳ ಎಂದ ಕೂಡಲೇ ನಮಗೆಲ್ಲ ಉತ್ಸಾಹ ಬಂತು. ನಮ್ಮ ಮನೆಯ ಗರಾಜಿನಲ್ಲಿ ಒಂದು ಫಲಕ, ವರ್ಷಕ್ಕೊಂದು ಹೆಸರು ಎಂದು ತೀರ್ಮಾನವಾಯಿತು. ಫಲಕ ನನ್ನ ಖರ್ಚು ಎಂದೆ. ಹಾಗಾಗಿ ಚುನಾವಣಾಧಿಕಾರಿಯೂ ನಾನೇ ಆದೆ.

"ಚುನಾವಣಾಧಿಕಾರಿ ಅಭ್ಯರ್ಥಿ ಆಗಬಹುದಾ?" ಎಂದು ಕಮಲಾ ಚಪಾತಿ ಲಟ್ಟಿಸುತ್ತಲೇ ಕೇಳಿದಳು.

"ನಾನೆಲ್ಲಿ ನಿಂತಿದೀನಿ? ಜನಾನೇ ನಿಲ್ಲಿಸಿದ್ರೆ ಏನ್ಮಾಡಲಿ?"

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ಹೆಸರು ನನ್ನದಾಗಬೇಕೆಂದು ನನಗೆ ಬಹಳ ಆಸೆಯಿತ್ತು. ಶಾಲೆಯಲ್ಲಿ ಹಾಜರಿ ಪುಸ್ತಕ ಬಿಟ್ಟರೆ ನನ್ನ ಹೆಸರು ಎಲ್ಲೂ ಬಂದದ್ದಿಲ್ಲ. ನಾನು ತಂಡದ ಪಿಚರ್, ಅಂದರೆ ಚೆಂಡೆಸೆಯುವವನು. ನನ್ನ ಚೆಂಡು ಎತ್ತ ಹೋಗುತ್ತದೆಂದು ಬ್ಯಾಟ್ ಹಿಡಿದವನಿಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿಯುತ್ತಿರಲಿಲ್ಲ. ಬ್ಯಾಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ಹಿಡಿಯುವ ಕ್ಯಾಚರ್ ಕೆಲಸ ಕಮಲಾಳದು. ಹೇಗೂ ಅಲ್ಲಿ ಯಾರಾದರೂ ಕೂರಬೇಕಲ್ಲ!

ಗೆಲುವು ಖಚಿತವಿದ್ದ ಮೇಲೆ ತಡವೇಕೆಂದು, ಟ್ರೋಫಿ ಅಂಗಡಿಗೆ ಹೋದವನು ರಿಮು ಮರದ ಫಲಕದ ಮೇಲೆ ಹಿತ್ತಾಳೆ ಪಟ್ಟಿ ಹಾಕಿಸಿ, ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ನನ್ನ ಹೆಸರನ್ನು ಕೆತ್ತಿಸಿಯೇ ತಂದುಬಿಟ್ಟೆ. ಶಾಲು ಹೊದಿಸಿ ಹಾಲ್‌ನ ಮೂಲೆಯಲ್ಲಿಟ್ಟೆ. ಉದ್ಘಾಟನೆಯ ತನಕ ಯಾರೂ ಮುಟ್ಟಕೂಡದೆಂದು ಮನೆಮಂದಿಗೆ ಆಜ್ಞೆ ಹೊರಡಿಸಿದೆ.

ಮತದಾನದ ಭಾನುವಾರ ಹತ್ತೂವರೆಗೆಲ್ಲ ಎಲ್ಲರೂ ಬಂದರು. ಗುಲ್ಜಾರ್ ಬೇಗಂ ಶೀರ್‌ಖುರ್ಮಾ ಪಾಯಸ ತಂದಿದ್ದರು. ಕಮಲಾ ಬಿಸಿಬೇಳೆ ಭಾತ್ ಮಾಡಿದ್ದಳು. ಅರ್ಹತೆಯ ಚರ್ಚೆ ಶುರುವಾಯಿತು. ಸಿಕ್ಸರಿನಂಥ ಹೋಮ್ ರನ್ ನಲವತ್ತೊಂದು ಹೊಡೆದ ಬಾಬಾಜಾನ್ ಬಿಟ್ಟರೆ ಇನ್ಯಾರು ಎಂದು ಲೀಲಾ ಕೇಳಿದಳು. ಅವಳ ಗಂಡನೇ ಅಡ್ಡ ಬಂದ. ಅಮೆರಿಕದಲ್ಲಿ ಮೈಕಟ್ಟಿಗೆ ಮದ್ದು ತೆಗೆದುಕೊಂಡವರನ್ನು ಮಂದಿರದ ಹೊಸ್ತಿಲಿಗೂ ಬಿಡುವುದಿಲ್ಲವಂತೆ. ಬಾಬಾಜಾನ್ ಪ್ರತಿ ಭಾನುವಾರ ಒಂದು ದೊಡ್ಡ ಲೋಟ ಕಾಲುಸೂಪು, ಅಂದರೆ ಪಾಯಾ, ಕುಡಿದೇ ಮೈದಾನಕ್ಕೆ ಬರುತ್ತಿದ್ದರು. ಆದ್ದರಿಂದ ಆ ನಲವತ್ತೊಂದೂ ಸಂಶಯಾಸ್ಪದ ಎಂಬುದು ಶ್ರೀರಂಗನ ವಾದ.

ಗುಲ್ಜಾರ್ ಬೇಗಂ ಸೌಟು ಕೆಳಗಿಟ್ಟರು. "ಶ್ರೀರಂಗಣ್ಣಾರ, ಪಾಯಾ ಕುಡದ್ರ ಹೋಮ್ ರನ್ ಬರ್ತಾವಂದ್ರ, ಅದನ್ನ ಮಾಡಿದಾಕಿ ನಾನು, ದಿನಾ ರುಚಿ ನೋಡಿದಾಕಿ ನಾನು. ನಂಗ್ಯಾಕ ಒಂದೂ ಬರ್ಲಿಲ್ರಿ?"

ಬಾಬಾಜಾನ್ ಮೆಲ್ಲಗೆ ಶ್ರೀರಂಗನ ಹಳೆಯ ಪಾಪ ತೆಗೆದರು. ಟೌರಂಗಾ ತಂಡದ ಎದುರು ನಾವೇ ಸೋಲುತ್ತೇವೆಂದು ಇವನು ಒಂದು ಪೆಟ್ಟಿಗೆ ಕಿವಿ ಹಣ್ಣಿನ ಬಾಜಿ ಕಟ್ಟಿದ್ದ. ಗೆದ್ದೂ ಇದ್ದ. ಬಾಜಿ ಕಟ್ಟಿದವನಿಗೆ ಮಂದಿರದಲ್ಲಿ ಜಾಗವಿದೆಯೇ? ಹಣ್ಣನ್ನು ಎಲ್ಲರಿಗೂ ಸಮನಾಗಿ ಹಂಚಿದ್ದೆನೆಂದೂ, ಬಾಬಾಜಾನ್ ಅವತ್ತು ಹುಳಿ ಎಂದು ದೂರಿದ್ದರೇ ಹೊರತು ಅಧರ್ಮ ಎಂದಿರಲಿಲ್ಲವೆಂದೂ ಶ್ರೀರಂಗ ವಾದಿಸಿದ.

ಇಬ್ಬರೂ ಒಬ್ಬರನ್ನೊಬ್ಬರು ಮುಗಿಸುವುದನ್ನು ನಾನು ಋಷಿಯ ಮುಖದಿಂದ ನೋಡುತ್ತಿದ್ದೆ. ಪಾಯಾ ಕುಡಿಯದ, ಬಾಜಿ ಕಟ್ಟದ ಆಟಗಾರ ಇನ್ನು ಉಳಿದವನು ಯಾರು? ಕಮಲಾ ಎಲ್ಲರಿಗೂ ಮಜ್ಜಿಗೆ ಕೊಟ್ಟಳು.

ಆಮೇಲೆ ಗುಪ್ತ ಮತದಾನ. ಹಳೆಯ ಸ್ಕೋರ್ ಪುಸ್ತಕದಲ್ಲಿ ಖಾಲಿ ಹಾಳೆ ಐದೇ ಉಳಿದಿದ್ದವು. ಅವನ್ನು ಅತಿಥಿಗಳಿಗೂ ಕಮಲಾಗೂ ಕೊಟ್ಟು, ನಾನು ದೊಡ್ಡತನ ತೋರಿಸಿ ಪುಸ್ತಕದ ನೀಲಿ ರಟ್ಟನ್ನೇ ಹರಿದುಕೊಂಡೆ. ಆರು ಮತಗಳೂ ಎರಡು ಲೀಟರಿನ ಐಸ್‌ಕ್ರೀಮ್ ಡಬ್ಬಿಗೆ ಬಿದ್ದವು. ಮುಚ್ಚಳಕ್ಕೆ ಟೇಪು ಸುತ್ತಿ ಸಹಿ ಹಾಕಿದೆ. ಎಣಿಕೆ ಊಟದ ನಂತರ ಎಂದೆ.

ನಮ್ಮ ದೇಶದ ಚುನಾವಣೆ ಕಂಡವನಿಗೆ ಸ್ಟ್ರಾಂಗ್ ರೂಮಿನ ಮಹತ್ವ ಗೊತ್ತು. ಕಿವಿ ಹಣ್ಣಿಗೆ ತಂಡವನ್ನೇ ಮಾರಿದವನು ಮನೆಯೊಳಗಿರುವಾಗ ಡಬ್ಬಿಯನ್ನು ಎಲ್ಲಿಡಲಿ? ಓವನ್ ಹೊಳೆಯಿತು! ಈ ದೇಶಕ್ಕೆ ಬಂದ ನಮ್ಮವರ ಮನೆಗಳಲ್ಲಿ ಓವನ್ ಎಂದರೆ ಬಾಣಲೆಗಳ ಬೀರು. ಈ ಮನೆಗೆ ಬಂದ ಎಂಟು ವರ್ಷದಲ್ಲಿ ನಮ್ಮದಕ್ಕೆ ಒಮ್ಮೆಯೂ ಬಿಸಿ ತಾಗಿರಲಿಲ್ಲ. ತೆಗೆದು ನೋಡಿದರೆ ಬಾಣಲೆ, ತವಾ, ಇಡ್ಲಿ ತಟ್ಟೆ ಯಾವುದೂ ಇಲ್ಲ. ಅಡುಗೆಗೆಂದು ಕಮಲಾ ತೆಗೆದಿರಬೇಕು, ನನ್ನ ಅದೃಷ್ಟ ಎಂದುಕೊಂಡು ಡಬ್ಬಿಯನ್ನು ಹಿಂದಿನ ಮೂಲೆಗೆ ತಳ್ಳಿ ಬಾಗಿಲು ಮುಚ್ಚಿದೆ.

ಬಾಣಲೆಗಳನ್ನು ತೆಗೆದದ್ದು ಕಮಲಾ ಅಲ್ಲ, ಮಗಳು ತನುಶ್ರೀ. ಇಲ್ಲಿ ಹುಟ್ಟಿದ ಹುಡುಗಿ. ಅಪ್ಪನ ಸಮಾರಂಭಕ್ಕೆ ಪಾವ್ಲೋವಾ ಎಂಬ ಇಲ್ಲಿನ ಕೇಕು ಮಾಡಿ ಬೆರಗುಗೊಳಿಸಬೇಕೆಂದು ಬೆಳಿಗ್ಗೆಯೇ ಓವನ್ ಖಾಲಿ ಮಾಡಿಟ್ಟಿದ್ದಳು. ಒಳಗೆ ಏನೂ ಇಲ್ಲವೆಂದು ಗೊತ್ತೇ ಇದ್ದುದರಿಂದ ಮತ್ತೊಮ್ಮೆ ನೋಡದೆ ಗುಂಡಿ ತಿರುಗಿಸಿ, ಮೊಟ್ಟೆಯ ಬಿಳಿ ಕಡೆಯಲು ಕೂತಳು.

ನಾವು ಎರಡನೆಯ ಸಲ ಭಾತ್ ಬಡಿಸಿಕೊಳ್ಳುವಾಗ ಕಪ್ಪು ಹೊಗೆ ಬಂತು. ಹೊಗೆಯ ಅಲಾರಂ ಕಿರುಚತೊಡಗಿತು. ಬಾಬಾಜಾನ್ ಕುರ್ಚಿ ಹತ್ತಿ ಟವೆಲ್ ಬೀಸಿದರು. ಟವೆಲ್ ಶೀರ್‌ಖುರ್ಮಾದ ಪಾತ್ರೆಯನ್ನೂ ಕರೆದುಕೊಂಡು ನೆಲಕ್ಕೆ ಬಂತು. ಅದರ ಮೇಲೆ ಶ್ರೀರಂಗ ಜಾರಿ, ಆಟದ ಎಂಟು ವರ್ಷದಲ್ಲಿ ಒಮ್ಮೆಯೂ ಮಾಡದ, ನೆಲಕ್ಕೊರಗಿ ಬೇಸ್ ಮುಟ್ಟುವ ಸ್ಲೈಡನ್ನು ಮಾಡಿ ಅಡುಗೆಮನೆಯ ಹೊಸ್ತಿಲು ಮುಟ್ಟಿದ. ನಾನು ಓವನ್ ಕಡೆ ಓಡುತ್ತಾ ಮತಪೆಟ್ಟಿಗೆ ಮತಪೆಟ್ಟಿಗೆ ಎಂದು ಕೂಗುತ್ತಿದ್ದೆನಂತೆ. ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ಇದನ್ನೆಲ್ಲ ನೋಡಿ ತುರ್ತು ಸಂಖ್ಯೆ 111ಕ್ಕೆ ಫೋನ್ ಮಾಡಿದರು. ಅಗ್ನಿಶಾಮಕದವರು ಎರಡು ಗಾಡಿಗಳಲ್ಲಿ ಬಂದರು.

ಅವರಲ್ಲಿ ಎತ್ತರದವನೊಬ್ಬ ಓವನ್ನಿನಿಂದ ಇಕ್ಕಳದಲ್ಲಿ ಏನನ್ನೋ ಎತ್ತಿ ತಂದು ಹುಲ್ಲಿನ ಮೇಲಿಟ್ಟ. ಸೆಟ್ ದೋಸೆಯ ಹಾಗಿತ್ತು. ಇದು ಯಾವ ತಿಂಡಿ ಎಂದು ಸೌಜನ್ಯದಿಂದ ಕೇಳಿದ.

"ಇಟ್ಸ್ ಡ್ಯಾಡ್ಸ್ ಎಲೆಕ್ಷನ್," ಎಂದಳು ತನುಶ್ರೀ.

ಹಾಳೆಗಳೆಲ್ಲ ಪ್ಲಾಸ್ಟಿಕ್ಕಿನಲ್ಲಿ ಕರಗಿ, ಕರಕಲಾಗಿ ಹೋಗಿದ್ದವು. ಒಂದು ಮತ ಮಾತ್ರ ಅಂಚು ಸುಟ್ಟರೂ ಗಟ್ಟಿಯಾಗಿ ಉಳಿದಿತ್ತು. ಅವನು ಅದನ್ನು ಬಿಡಿಸಿ ಕಮಲಾಳ ಕೈಗೆ ಕೊಟ್ಟ. ನೀಲಿ ರಟ್ಟು! ಅದರ ಮೇಲೆ ಕನ್ನಡದಲ್ಲಿ, ಮುದ್ದಾದ ಅಕ್ಷರದಲ್ಲಿ, ನನ್ನದೇ ಹೆಸರು, 'ವಿಶ್ವೇಶ್ವರ'. ಗುಟ್ಟು ರಟ್ಟಾಗುವುದು ಎಂದರೇನೆಂದು ನನಗೆ ಅಂದು ಅರ್ಥವಾಯಿತು. ರಟ್ಟು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಗಾಡಿಗಳು ಹೋದ ಮೇಲೆ ಹಾಲ್‌ನಲ್ಲಿ ಕೂತು ಮರುಮತದಾನದ ಮಾತೆತ್ತಿದೆ. ಗುಪ್ತವೂ ಬೇಡ, ಗಿಪ್ತವೂ ಬೇಡ, ಬಾಯಲ್ಲೇ ಹೇಳಿಬಿಡೋಣ ಎಂದರು ಬಾಬಾಜಾನ್. "ನಾ ಕಮಲಾ ಅಕ್ಕಾರಿಗೆ ಹಾಕೀನ್ರಿ." ಶ್ರೀರಂಗ ಒದ್ದೆ ಪ್ಯಾಂಟಿನಲ್ಲೇ ಕೈಯೆತ್ತಿ, ತಾನೂ ಅವರಿಗೇ ಎಂದ. ಚರ್ಚೆಯಲ್ಲಿ ಬಾಬಾಜಾನ್ ಪರ ನಿಂತಿದ್ದ ಲೀಲಾಳೂ ಚೀಟಿಯಲ್ಲಿ ಬರೆದದ್ದು ಕಮಲಾಳನ್ನೇ, ಗುಲ್ಜಾರ್ ಬೇಗಂ ಕೂಡ.

ನನಗೆ ಕಾರಣ ಹೊಳೆಯಲಿಲ್ಲ. ಗುಲ್ಜಾರ್ ಬೇಗಂ ಹೇಳಿದರು. "ವಿಶ್ವಣ್ಣಾರ, ನೀವು ಒಗದ ಚೆಂಡು ಎಂಟ್ ವರ್ಷ ಹಿಡದಾಳ್ರಿ ಆಕಿ. ಎರಡ್ ಬೆರಳು ಮುರದಾವು. ನೀವು ಎಲ್ಲಿ ಒಗಿತೀರಂತ ನಿಮಗs ಗೊತ್ತಿರ್ತಿರಲಿಲ್ಲ, ಆಕಿಗೆ ಗೊತ್ತಿರ್ತಿತ್ತು. ಆಕಿ ಇಲ್ಲಂದ್ರ ನೀವ್ ಪಿಚರs ಅಲ್ರಿ."

ಕಮಲಾಳ ಬಲಗೈಯ ಕಿರುಬೆರಳು ಸ್ವಲ್ಪ ಸೊಟ್ಟ. ಚಪಾತಿ ಲಟ್ಟಿಸುವಾಗ ಅದು ಮೇಲಕ್ಕೆ ನಿಂತಿರುತ್ತದೆ. ಅದೊಂದು ಒನಪು ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ನಿಜಕ್ಕೂ ನಾಚಿಕೆಯಾಯಿತು.

"ನೀನು ಯಾರಿಗೆ ಹಾಕಿದ್ದೆ?" ಎಂದು ಅವಳನ್ನೇ ಕೇಳಿದೆ.

"ನಿಮಗೇ. ಇಷ್ಟೊಂದು ಆಸೆ ಇಟ್ಕೊಂಡಿದ್ರಲ್ಲ, ಒಂದಾದ್ರೂ ಓಟು ಬೀಳಲಿ ಅಂತ."

ನಾಲ್ಕಕ್ಕೆ ಎರಡು. ಈ ಗದ್ದಲದಲ್ಲಿ ನಾನು ಮರೆತದ್ದು ಒಂದಿತ್ತು. ಗೆದ್ದ ಅಮ್ಮನಿಗೆ ಸನ್ಮಾನ ಮಾಡಲು ಶಾಲು ಬೇಕೆಂದು ತನುಶ್ರೀ ಮೂಲೆಗೆ ಓಡಿದಳು. ನಾನು ಬೇಡ ಎನ್ನುವಷ್ಟರಲ್ಲಿ ಶಾಲು ಅವಳ ಕೈಯಲ್ಲಿತ್ತು, ಫಲಕ ಎಲ್ಲರ ಎದುರಿಗಿತ್ತು. ಹಿತ್ತಾಳೆಯ ಮೇಲೆ, ಮತದಾನಕ್ಕೆ ಹತ್ತು ದಿನ ಮೊದಲೇ ಕೆತ್ತಿಸಿದ ನನ್ನ ಹೆಸರು ಫಳಫಳ ಹೊಳೆಯುತ್ತಿತ್ತು.

ಬಾಬಾಜಾನ್ ಚಾವಣಿ ನೋಡಿದರು. ಕಿವಿ ಹಣ್ಣು ಈಗ ಸಣ್ಣ ಅಪರಾಧವೆಂದು ಶ್ರೀರಂಗನಿಗೂ ಅನ್ನಿಸಿರಬೇಕು. ಕೆತ್ತಿದ್ದನ್ನು ಅಳಿಸಲಾಗದು ಎಂದು ಹೇಗೋ ತೊದಲಿದೆ.

ಕಮಲಾ ಫಲಕವನ್ನು ಕೈಗೆತ್ತಿಕೊಂಡಳು. ಎಂಟು ವರ್ಷ ನನ್ನ ದಿಕ್ಕುಗೆಟ್ಟ ಚೆಂಡುಗಳನ್ನು ಹಿಡಿದವಳು ಇದನ್ನು ಬಿಡುತ್ತಾಳೆಯೇ?

"ಅಳಿಸೋದು ಯಾಕೆ? ನಮ್ಮೂರಲ್ಲಿ ದೇವಸ್ಥಾನದ ಫ್ಯಾನು, ಬೆಂಚು, ಎಲ್ಲದರ ಮೇಲೂ ಕೊಟ್ಟೋರ ಹೆಸರು ಇರತ್ತಲ್ಲ. ಹೆಸರಿಗೆ ಮೊದಲು 'ಡೊನೇಟೆಡ್ ಬೈ' ಅಂತ ಸೇರಿಸಿಬಿಡಿ. ಸರಿಹೋಗತ್ತೆ."