ತಲೆಯಿಲ್ಲದ ಪಂಕ್ತಿ

ನನ್ನ ಮುತ್ತಜ್ಜ ಅಜ್ಜಾವರದ ಬೆಳ್ಯಪ್ಪ ಗೌಡರು ಆಟಿ ತಿಂಗಳ ನೆರೆಯಲ್ಲಿ ಪಯಸ್ವಿನಿ ಹೊಳೆಗೆ ಹಾರಿ, ತೇಲಿಹೋಗುತ್ತಿದ್ದ ಎಮ್ಮೆಯ ಬಾಲ ಹಿಡಿದು ದಡ ಸೇರಿದವರು. ಅವರು ಎಮ್ಮೆಯನ್ನು ಕಾಪಾಡಿದರೋ ಎಮ್ಮೆಯೇ ಅವರನ್ನು ಕಾಪಾಡಿತೋ ಎಂಬ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ನಮ್ಮ ಮನೆಯಲ್ಲಿ ಒಂದೇ. ಅಜ್ಜ ಚೋಮಪ್ಪ ಗೌಡರು ಗುಡ್ಡದ ಹೊಟ್ಟೆಗೆ ನೂರು ಕೋಲು ಉದ್ದದ ಸುರಂಗ ಕೊರೆದು ನೀರು ತಂದವರು. ಅಪ್ಪ ಒಂದು ಮದುವೆಯಲ್ಲಿ ಕೂತಲ್ಲಿಂದ ಏಳದೆ ನಲವತ್ತು ಕಡುಬು ತಿಂದು, ಮದುಮಗನನ್ನು ಬಿಟ್ಟು ಜನರೆಲ್ಲ ತನ್ನನ್ನೇ ನೋಡುವಂತೆ ಮಾಡಿದವರು.

ಇಂಥ ವಂಶದ ಕುಡಿ ನಾನು! ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಉಳಿದ ವಿದ್ಯೆಯನ್ನೆಲ್ಲ ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ತುಂಡುಗಳಿಂದ ಸಂಪಾದಿಸಿದೆ. ಹಾಗಾಗಿ ನನ್ನ ಜ್ಞಾನ ಸ್ವಲ್ಪ ಅಂಟು. ಒಮ್ಮೆ ಹಿಡಿದರೆ ಬಿಡುವುದಿಲ್ಲ. ಐವತ್ತೆಂಟನೇ ಇಸವಿಯ ಸುಗ್ಗಿ ತಿಂಗಳಲ್ಲಿ ನಾನೊಂದು ನಿರ್ಧಾರ ಮಾಡಿದೆ: ಸುಳ್ಯ ಸೀಮೆಯಲ್ಲಿ ಯಾರೂ ಕಂಡಿರದ ಒಂದು ಊಟದ ಕೋಣೆಯನ್ನು ನಾನು ಕಟ್ಟಿ ತೋರಿಸುತ್ತೇನೆ!

ಕಾರಣವಿತ್ತು. ನನಗೆ ಇಬ್ಬರು ಬಾವಂದಿರು. ಅಕ್ಕನ ಗಂಡ ಜಾಲ್ಸೂರಿನ ಕುಕ್ಕಪ್ಪ ಗೌಡರು ಒಬ್ಬರು. ಹೆಂಡತಿಯ ಅಣ್ಣ ಅರಂತೋಡಿನ ಕೂಸಪ್ಪ ಗೌಡರು ಇನ್ನೊಬ್ಬರು. ನಮ್ಮಲ್ಲಿ ಅಕ್ಕನ ಗಂಡನೂ ಬಾವ, ಹೆಂಡತಿಯ ಅಣ್ಣನೂ ಬಾವ. ಆರು ವರ್ಷಗಳ ಹಿಂದೆ, ಈ ಹೊಸ ಮನೆಗೆ ಒಕ್ಕಲಾದ ಊಟದ ದಿನ, ಪಂಕ್ತಿಯ ತಲೆಗೆ, ಅಂದರೆ ಮೊದಲ ಎಲೆಗೆ, ನಾನು ಕೈತೋರಿಸಿ, "ಬಾವ, ನೀವು ಇಲ್ಲಿ ಕೂತುಕೊಳ್ಳಿ" ಎಂದೆ. ಇಬ್ಬರೂ ಕೂತರು. ಒಂದೇ ಮಣೆಗೆ! ಎರಡು ದೊಡ್ಡ ಶರೀರಗಳು ಒಂದು ಮಣೆಯ ಮೇಲೆ ಎಷ್ಟು ಹೊತ್ತು ನಿಲ್ಲಬಹುದು? ಇಬ್ಬರೂ ಒಟ್ಟಿಗೇ ಜಾರಿದರು, ಒಟ್ಟಿಗೇ ಎದ್ದರು, ಒಟ್ಟಿಗೇ ಉಣ್ಣದೆ ಹೋದರು. ಆ ಮೇಲೆ ಒಬ್ಬರು ಕಾಲಿಟ್ಟ ಚಪ್ಪರಕ್ಕೆ ಇನ್ನೊಬ್ಬರು ಕಾಲಿಟ್ಟದ್ದಿಲ್ಲ.

ಈಗ ಮಗಳು ಕಮಲಾವತಿಗೆ ಸಂಬಂಧ ಕೂಡಿಬಂದಿತ್ತು. ಹುಡುಗ ಜಾಲ್ಸೂರು ಬಾವನ ಅಣ್ಣನ ಮಗ. ಆ ಬಾವ ಬಾರದೆ ಮಾತುಕತೆಯಿಲ್ಲ. ಅರಂತೋಡು ಬಾವ ಸೋದರಮಾವ. ಅವರು ಬಾರದೆ ವೀಳ್ಯಶಾಸ್ತ್ರವಿಲ್ಲ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರೆ ಮದುವೆ, ಇಲ್ಲದಿದ್ದರೆ ಇಲ್ಲ. ಮಗಳು ತನ್ನ ಸಿಟ್ಟನ್ನು ಸಾರಿನಲ್ಲಿ ತೋರಿಸಿದಳು. ಮೂರು ದಿನ ಉಪ್ಪು ಹಾಕಲಿಲ್ಲ.

"ಅವತ್ತು ಜಾಲ್ಸೂರು ಬಾವ ಅಂತ ಊರಿನ ಹೆಸರು ಹಿಡಿದು ಕರೆದಿದ್ರೆ ನಿಮ್ಮ ಬಾಯಿ ಸವೀತಿತ್ತಾ?" ಎಂದಳು ಹೆಂಡತಿ ದುಗ್ಗಮ್ಮ, ಸಾವಿರದ ಒಂದನೇ ಸಲ.

"ಆದದ್ದು ಆಯ್ತು ಮಾರಾಯ್ತಿ. ಉಪಾಯ ಸಿಕ್ಕಿದೆ. ದುಂಡುಮೇಜು! ಲಂಡನ್ನಿನಲ್ಲಿ ದೊಡ್ಡ ದೊಡ್ಡವರನ್ನೆಲ್ಲ ದುಂಡುಮೇಜಿನ ಸುತ್ತ ಕೂರಿಸಿದ್ರಂತೆ. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ."

"ಕೊನೆಗೆ ಎಂತ ಆಯ್ತಂತೆ? ರಾಜಿ ಆಯ್ತಾ?"

"ಆ ಭಾಗಕ್ಕೆ ಬೆಲ್ಲ ಅಂಟಿತ್ತು. ಓದ್ಲಿಕ್ಕೆ ಆಗ್ಲಿಲ್ಲ."

ಆಚಾರಿ ಪದ್ಮಯ್ಯನನ್ನು ಕರೆಸಿದೆ. ಹೆಬ್ಬಲಸಿನ ಹಲಗೆಗಳನ್ನು ಜೋಡಿಸಿ, ನಡುವಿಗೆ ಮೊಳೆ ಹೊಡೆದು, ಮೊಳೆಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಇದ್ದಿಲು ಕಟ್ಟಿ ನಾನೇ ವೃತ್ತ ಎಳೆದೆ. ಆರಡಿ ಅಗಲದ ಮೇಜು ಕೋಣೆಯೊಳಗೇ ತಯಾರಾಯಿತು. ಮೇಜು ದುಂಡಾದ ಮೇಲೆ ಕೋಣೆ ಚೌಕವಾಗಿದ್ದರೆ ಶೋಭಿಸುತ್ತದೆಯೇ? ನಾಲ್ಕು ಮೂಲೆಗೂ ನಾಲ್ಕು ಹಂಡೆ ಇಟ್ಟು ಮೂಲೆಗಳ ಮಾನ ಮುಚ್ಚಿದೆ. ಗೋಡೆಗೆ ನೀಲಿ ಬೆರೆಸಿದ ಸುಣ್ಣ ಬಳಿದು, ಗೆರಸೆಗಳಿಗೆ ಚಿತ್ತಾರ ಬರೆದು ತೂಗಿಸಿದೆ. ಮಾಡಿನಿಂದ ಕೆಂಪು ಬಣ್ಣ ಬಳಿದ ಮುಟ್ಟಾಳೆಯೊಂದನ್ನು, ಅಂದರೆ ಅಡಿಕೆ ಹಾಳೆಯ ಟೊಪ್ಪಿಯನ್ನು, ಮೇಜಿನ ನಡುವಿಗೆ ಸರಿಯಾಗಿ ಬೋರಲು ಇಳಿಬಿಟ್ಟೆ. ಕೂರಲು ಹಲಸಿನ ಮರದ ದುಂಡು ಕೊರಡುಗಳು. ದೇವರ ಪಟ ಚೌಕವಾಗಿತ್ತು. ಅದರ ಮೂಲೆ ಸವರಲು ಗರಗಸ ಎತ್ತಿದಾಗ ಮಾತ್ರ ದುಗ್ಗಮ್ಮ ಸಟ್ಟುಗ ಎತ್ತಿದಳು. ದೇವರು ಉಳಿದ. ನಾನೂ ಉಳಿದೆ.

ಆಗ ಪದ್ಮಯ್ಯ ತಲೆ ಕೆರೆದುಕೊಂಡು ಕೇಳಿದ: "ಗೌಡ್ರೆ, ಬಡಿಸುದು ಎಲ್ಲಿಂದ?"

ಅದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮಲ್ಲಿ ಬಡಿಸುವವನು ಉಣ್ಣುವವರ ಎದುರಿಗೆ ಬರಬೇಕು. ಈ ಮೇಜಿಗೆ ಎದುರು ಎಂಬುದೇ ಇಲ್ಲ! ಬೆನ್ನಹಿಂದೆ ನಿಂತು ಹೆಗಲ ಮೇಲಿಂದ ಸಾರು ಹುಯ್ದರೆ ಬಾವಂದಿರು ಇನ್ನೂ ಆರು ವರ್ಷ ಮುನಿಸಿಕೊಂಡಾರು.

"ನಡುವಿಗೆ ತೂತು ಕೊರಿ! ಬಡಿಸುವವನು ಅಡಿಯಿಂದ ನುಗ್ಗಿ ನಡುವೆ ನಿಲ್ತಾನೆ. ಎಲ್ಲರಿಗೂ ಎದುರೇ!"

"ಎರಡಡಿ ಅಗಲ ಬೇಕಾದೀತು."

"ಮೇಜು ಎಲೆ ಹಾಕ್ಲಿಕ್ಕೆ ಇರುದಾ, ತೂತಿಗೆ ಇರುದಾ? ಒಂದೂಕಾಲಡಿ ಸಾಕು."

"ಯಾರ ಸೊಂಟದ ಅಳತೆ ಅದು?"

"ನನ್ನದು! ಅಳೆದು ನೋಡು."

ಅಳೆದ. ದುಗ್ಗಮ್ಮ ಬಾಗಿಲಲ್ಲಿ ನಿಂತಿದ್ದಳಾದ್ದರಿಂದ ನಾನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿದ್ದೆ. ಪದ್ಮಯ್ಯ ನನ್ನ ಮುಖ ನೋಡಿದ, ಹೊಟ್ಟೆ ನೋಡಿದ, ಹೇಳಿದಷ್ಟೇ ಅಗಲಕ್ಕೆ ತೂತು ಕೊರೆದ. ಅದಕ್ಕಾಗಿ ಮೇಲಿನ ಹಲಗೆಯನ್ನು ಕಾಲುಗಳಿಂದ ಬಿಚ್ಚಿದ್ದೆವು. ತಿರುಗಿ ಇಟ್ಟ ಮೇಲೆ, ಸಂತೋಷ ಹೆಚ್ಚಾಗಿ, ಮೊಳೆ ಹೊಡೆಯುವುದನ್ನೇ ಮರೆತುಬಿಟ್ಟೆವು.

ಭಾನುವಾರ ಮಧ್ಯಾಹ್ನ ಬಾವಂದಿರಿಬ್ಬರಿಗೂ ಬೇರೆ ಬೇರೆಯಾಗಿ ಊಟದ ಕರೆ ಕಳಿಸಿದ್ದೆ. ಅಡುಗೆಯೂ ದುಂಡಗೇ ಇರಬೇಕೆಂದು ನನ್ನ ಆಜ್ಞೆ: ಉಂಡೆ ಕಡುಬು, ಅಂಬಡೆ, ಲಾಡು. ಕೋಳಿ ಸಾರನ್ನು ಮಾತ್ರ ಉಂಡೆ ಕಟ್ಟಲಾಗಲಿಲ್ಲ. ರುಚಿ ನೋಡುವ ನೆಪದಲ್ಲಿ ನಾನು ಒಂಬತ್ತು ಕಡುಬು ತಿಂದೆ. ಎಷ್ಟೆಂದರೂ ಅಪ್ಪನ ಮಗ!

ಜಾಲ್ಸೂರು ಬಾವ ಮುಂಚೆ ಬಂದರು. ಅರಂತೋಡು ಬಾವ ಆ ಮೇಲೆ ಬಂದರು. ಅಂಗಳದಲ್ಲಿ ಕಣ್ಣಿಗೆ ಕಣ್ಣು ತಾಗಿತು.

"ಇವರು ಬರ್ತಾರೆ ಅಂತ ನನಗೆ ಯಾರೂ ಹೇಳ್ಲಿಲ್ಲ" ಎಂದರು ಜಾಲ್ಸೂರು ಬಾವ.

"ನನಗೂ ಹೇಳ್ಲಿಲ್ಲ. ಹೇಳಿದ್ರೆ ನಾನು ಬರ್ತಾ ಇರ್ಲಿಲ್ಲ" ಎಂದರು ಅರಂತೋಡು ಬಾವ.

ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ಕೋಣೆಗೆ ಎಳೆದೆ. "ನೋಡಿ, ಇದರಲ್ಲಿ ತಲೆ ಯಾವುದು, ಹುಡುಕಿ ಕೊಡಿ!" ಜಾಲ್ಸೂರು ಬಾವ ಬಲದಿಂದ ಒಂದು ಸುತ್ತು ಹಾಕಿದರು. ಅರಂತೋಡು ಬಾವ ಎಡದಿಂದ ಒಂದು ಸುತ್ತು ಹಾಕಿದರು. ತಲೆ ಸಿಗಲಿಲ್ಲ. ಎದುರುಬದುರಾಗಿ ಕೂತರು! ಕಮಲಾವತಿ ಎರಡು ಕುಡಿಯೆಲೆ ಹಾಕಿ ನೀರು ಚಿಮುಕಿಸಿದಳು.

ಇನ್ನು ನನ್ನ ಪ್ರವೇಶ. ಉಪ್ಪಿನ ಬಟ್ಟಲು ಹಿಡಿದು, ಹೆಗಲಿಗೆ ಬೈರಾಸಿನ ಟವಲು ಹೊದ್ದು, ಅಂಬೆಗಾಲಿಟ್ಟು ಮೇಜಿನ ಅಡಿಗೆ ನುಗ್ಗಿದೆ. ತೂತಿನಲ್ಲಿ ಕೈ ಹೋಯಿತು, ತಲೆ ಹೋಯಿತು, ಎದೆ ಹೋಯಿತು. ಅರ್ಧ ಹೊಟ್ಟೆಯೂ ಹೋಯಿತು. ಉಳಿದರ್ಧದಲ್ಲಿ ಒಂಬತ್ತು ಕಡುಬು ಇದ್ದವು. ಅವು ಬರಲೊಲ್ಲವು! ಮೇಲಕ್ಕಿಲ್ಲ, ಕೆಳಕ್ಕಿಲ್ಲ. ಮರ್ಯಾದೆ ಬಿಡಲಾದೀತೇ? ನಗುನಗುತ್ತಾ ಎದುರಿಗಿದ್ದ ಅರಂತೋಡು ಬಾವನ ಎಲೆಗೆ ಉಪ್ಪು ಬಡಿಸಿದೆ.

ಬೆನ್ನಹಿಂದಿನಿಂದ ಗುಡುಗು ಕೇಳಿತು. "ಓಹೋ! ಮುಖ ಅವರಿಗೆ, ಬೆನ್ನು ನನಗೆ! ಹೆಣ್ಣಿನ ಅಪ್ಪ ಬೆನ್ನು ತೋರಿಸುವ ಮನೆಗೆ ನಮ್ಮ ಹುಡುಗನನ್ನು ಕೊಡುದಾ?"

ಕೊರಡು ಕರಕ್ಕೆಂದಿತು. ಜಾಲ್ಸೂರು ಬಾವ ಎದ್ದರು! ಕಮಲಾವತಿ ಕಂಬ ಹಿಡಿದಳು.

"ಇಲ್ಲ ಬಾವ, ಇದೋ ತಿರುಗಿದೆ!" ಎಂದು ಇದ್ದ ಬಲವನ್ನೆಲ್ಲ ಹಾಕಿ ತಿರುಗಿದೆ. ತಿರುಗಿದೆ, ನಿಜ. ಆದರೆ ಮೊಳೆಯಿಲ್ಲದ ಮೇಜೂ ನನ್ನೊಂದಿಗೆ ತಿರುಗಿತು! ಉಪ್ಪು ಬಿದ್ದ ಎಲೆ ಜಾಲ್ಸೂರು ಬಾವನ ಮುಂದೆ ಹೋಗಿ ನಿಂತಿತು. ಖಾಲಿ ಎಲೆ ಅರಂತೋಡು ಬಾವನ ಮುಂದೆ ಬಂತು.

"ನನ್ನ ಉಪ್ಪು ಕೊಂಡುಹೋದ್ರಲ್ಲ!" ಎಂದು ಅರಂತೋಡು ಬಾವ ಕಿರುಚಿದರು.

ಪುನಃ ತಿರುಗಿದೆ. ಮೇಜು ಪುನಃ ತಿರುಗಿತು. ಜಾಲ್ಸೂರು ಬಾವ ಗುಡುಗಿದರು. ಇನ್ನೊಮ್ಮೆ ತಿರುಗಿದೆ. ಮೂರನೇ ಸುತ್ತಿಗೆ ಕೆಂಪು ಮುಟ್ಟಾಳೆ ನನ್ನ ತಲೆಗೆ ತಾಗಿ ಕಳಚಿ, ಕಿವಿಯವರೆಗೆ ಇಳಿದು ಕೂತಿತು. ಕಮಲಾವತಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಸೆರಗು ಸಾಲಲಿಲ್ಲ. ಕಿಸಕ್ಕೆಂದು ನಕ್ಕೇಬಿಟ್ಟಳು.

ಜಾಲ್ಸೂರು ಬಾವನ ಮೀಸೆ ಅಲುಗಿತು. "ಗಾಣಕ್ಕೆ ಎತ್ತು ಕಟ್ಟುದು ಕಂಡಿದ್ದೇನೆ ಮಾರಾಯ್ರೆ. ಎತ್ತಿಗೇ ಗಾಣ ಕಟ್ಟಿದ್ದು ಇವತ್ತೇ ಕಂಡದ್ದು!"

"ಎತ್ತಿಗೆ ಟೊಪ್ಪಿ ಬೇರೆ ಉಂಟು!" ಎಂದರು ಅರಂತೋಡು ಬಾವ.

ಆರು ವರ್ಷಗಳಲ್ಲಿ ಅವರಿಬ್ಬರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ಆ ಮೇಲೆ ಇಬ್ಬರೂ ಕೂತು, ಎಡಗೈಯಿಂದ ತಮ್ಮ ತಮ್ಮ ಎಲೆಯನ್ನು ಒತ್ತಿಹಿಡಿದುಕೊಂಡರು. ಮೇಜು ಅಡಿಯಲ್ಲಿ ಜಾರುತ್ತಿತ್ತು. ದುಗ್ಗಮ್ಮ ಹೊರಗಿನಿಂದ ಪಾತ್ರೆ ಕೊಡುವುದು, ನಾನು ತಿರುಗಿ ಬಡಿಸುವುದು!

"ಬಾವ, ಕೋಳಿ ಸಾರು ಈಚೆ ತಿರುಗಲಿ!"

"ಕಡುಬು ಆಚೆ ಹೋಯ್ತು, ವಾಪಾಸು ಬರಲಿ!"

ಲಾಡಿನ ಹೊತ್ತಿಗೆ ಮಾತು ತಾನಾಗಿಯೇ ಮದುವೆಗೆ ತಿರುಗಿತು. ಮುಂದಿನ ಗುರುವಾರ ವೀಳ್ಯ, ಇಬ್ಬರೂ ಬರುವುದು ಎಂದಾಯಿತು. ಕಮಲಾವತಿ ಒಳಗೆ ಓಡಿದಳು. ದುಗ್ಗಮ್ಮ ನನ್ನನ್ನು ನೋಡಿದ ನೋಟದಲ್ಲಿ, ಮದುವೆಯಾದ ಮೇಲೆ ಮೊದಲ ಸಲ, ಸ್ವಲ್ಪ ಮೆಚ್ಚುಗೆ ಇತ್ತು. ನಾನು ಎದೆಯುಬ್ಬಿಸಿದೆ. ಹೊಟ್ಟೆಯೂ ಉಬ್ಬಿತು. ಮೇಜು ಇನ್ನಷ್ಟು ಬಿಗಿದುಕೊಂಡಿತು.

ಬಾವಂದಿರು ಕೈತೊಳೆದು ಬಂದರು. "ಪಾಪ, ಇವರನ್ನು ಎಳೆದು ತೆಗೆಯುವ" ಎಂದು ಜಾಲ್ಸೂರು ಬಾವ ನನ್ನ ಬಲಗೈ ಹಿಡಿದರು.

"ಬಿಡಿ, ಬಲಗೈ ನನಗೆ" ಎಂದರು ಅರಂತೋಡು ಬಾವ. "ನಾನು ಹುಡುಗಿಯ ಸೋದರಮಾವ. ಮೊದಲು ಎಳೆಯುದು ನಾನು."

"ಪ್ರಾಯದಲ್ಲಿ ದೊಡ್ಡವ ನಾನು. ನೀವು ಎಡಗೈ ಹಿಡೀರಿ!"

"ಎಡಗೈ ಹಿಡೀಲಿಕ್ಕೆ ನಾನು ಅರಂತೋಡಿನಿಂದ ಬಂದದ್ದಾ?"

ಜಾಲ್ಸೂರು ಬಾವ ಛತ್ರಿ ಎತ್ತಿಕೊಂಡರು. ಅರಂತೋಡು ಬಾವ ಚಪ್ಪಲಿ ಹುಡುಕತೊಡಗಿದರು. ನಾನು ಎರಡೂ ಕೈಗಳನ್ನು ಬೈರಾಸಿನೊಳಗೆ ಅಡಗಿಸಿ ಕೂಗಿದೆ:

"ಬೇಡ ಮಾರಾಯ್ರೆ, ಬೇಡ! ಯಾರೂ ಎಳೆಯುದು ಬೇಡ! ನನಗೆ ಇಲ್ಲಿ ಭಾರೀ ಸುಖ ಉಂಟು. ಗುರುವಾರದವರೆಗೆ ನಾನು ಇಲ್ಲಿಂದ ಕದಲುದಿಲ್ಲ. ಗಂಡಿನ ಕಡೆಯವರನ್ನು ಇಲ್ಲಿಗೇ ಕರೆದುಕೊಂಡು ಬನ್ನಿ, ವೀಳ್ಯ ನನ್ನ ಸುತ್ತಲೇ ಆಗಲಿ!"