ಮಾವನ ಮೂರು ನೋಟ, ಅಮ್ಮನ ಒಂದು ಚೀಟಿ

ಕಂಪ್ಯೂಟರು ಚಿತ್ರದುರ್ಗಕ್ಕೆ ಕಾಲಿಡುವ ಎಷ್ಟೋ ಮೊದಲೇ ನಮ್ಮ ಸೋದರಮಾವ ಅದನ್ನು ಹಿರಿಯೂರಿನಲ್ಲಿ ಕಂಡುಹಿಡಿದುಬಿಟ್ಟಿದ್ದ ಅಂತ ನಾನು ಹೇಳಿದರೆ ನೀವು ನಗುತ್ತೀರಿ. ನಗಿರಿ, ಪರವಾಗಿಲ್ಲ. ಒಂದು ನೈಲಾನ್ ಹಗ್ಗ, ಒಂದು ರೂಲು ಪುಸ್ತಕ, ಒಂದು ಗೋಡೆ ಕ್ಯಾಲೆಂಡರು, ಬಟ್ಟೆ ಒಣಹಾಕುವ ಕ್ಲಿಪ್ಪು ನಾಲ್ಕು ಡಜನ್. ಇಷ್ಟೇ ಅವನ ಯಂತ್ರ. ಕರೆಂಟು ಹೋದರೂ ಓಡುತ್ತಿತ್ತು. ಈಗಿನ ಕಂಪ್ಯೂಟರಿಗೆ ಆ ತಾಕತ್ತು ಇದೆಯೇ?

ಮಾವನದು ಮೋಟಾರು ರಿಪೇರಿ ಅಂಗಡಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬೋರ್‌ವೆಲ್ ಮೋಟಾರು ಸುಡದ ದಿನವೇ ಇರಲಿಲ್ಲ. ಹರಿಯಬ್ಬೆಯಿಂದ, ಜವನಗೊಂಡನಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ, ಗಾಡಿಯಲ್ಲಿ, ಬಸ್ಸಿನ ಟಾಪಿನ ಮೇಲೆ ಬಂದಿಳಿಯುತ್ತಿದ್ದವು. ಬಂದ ಪ್ರತಿ ಮೋಟಾರನ್ನೂ ಮಾವ ಮೂರು ಕಡೆ ಬರೆಯುತ್ತಿದ್ದ. ಪುಸ್ತಕದಲ್ಲಿ, ಬಂದ ಸರದಿಯ ಪ್ರಕಾರ ಒಂದು ಪಟ್ಟಿ. ಕ್ಯಾಲೆಂಡರಿನಲ್ಲಿ, ರಿಪೇರಿ ಮಾಡಿ ಕೊಡುತ್ತೇನೆಂದು ಹೇಳಿದ ತಾರೀಖಿನ ಚೌಕದೊಳಗೆ. ಆಮೇಲೆ ಒಂದು ಚೀಟಿಯಲ್ಲಿ ಬರೆದು, ಅಂಗಡಿಯ ಉದ್ದಕ್ಕೂ ಕಟ್ಟಿದ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕುತ್ತಿದ್ದ. ಎಡಗಡೆ ಬಂದದ್ದು, ನಡುವೆ ಬಿಚ್ಚಿದ್ದು, ಬಲಗಡೆ ಮುಗಿದದ್ದು. ಕೆಲಸ ಸರಿದ ಹಾಗೆ ಚೀಟಿಯೂ ಬಲಕ್ಕೆ ಸರಿಯುತ್ತಿತ್ತು.

"ಒಂದೇ ಮೋಟ್ರುನ್ನ ಮೂರು ಸಲ ಯಾಕೆ ಮಾವ ಬರೀತೀಯ? ಒಂದು ಸಾಲ್ದಾ?" ಅಂತ ಒಮ್ಮೆ ಕೇಳಿದ್ದೆ.

"ಲೇ, ನಿಮ್ಮಮ್ಮನ್ನ ನಾನು ಅಕ್ಕ ಅಂತೀನಿ, ನೀನು ಅಮ್ಮ ಅಂತೀಯ, ಭಾವ 'ಏ ಇವಳೇ' ಅಂತಾರೆ. ಹಂಗಂತ ಮೂರು ಜನ ಅವ್ರೇನ್ಲೇ? ಯಾವ ಕಡೆ ನಿಂತು ನೋಡ್ತೀವಿ ಅನ್ನೋದ್ರ ಮ್ಯಾಲೆ ಐತೆ."

ಯಾರಿಗೆ ಯಾವ ನೋಟ ತೋರಿಸಬೇಕು ಅನ್ನುವುದರಲ್ಲಿ ಅವನು ಪಳಗಿದ ಕೈ. ಸಿಟ್ಟಿನಿಂದ ಬಂದವರಿಗೆ ಕ್ಯಾಲೆಂಡರು ತೋರಿಸುತ್ತಲೇ ಇರಲಿಲ್ಲ, ಅದರಲ್ಲಿ ಕೊಟ್ಟ ಮಾತಿನ ತಾರೀಖು ಇರುತ್ತಿತ್ತಲ್ಲ! ಅವರಿಗೆ ಹಗ್ಗ. "ನೀವೇ ನೋಡ್ರಿ ಯಜಮಾನ್ರೇ, ನಿಮ್ ಚೀಟಿ ಬಲಕ್ಕೆ ಇನ್ನು ಎರಡೇ ಗೇಣು ಐತೆ." ಯಜಮಾನರು ಹಗ್ಗಕ್ಕೆ ಕೈಯಿಟ್ಟು ಗೇಣು ಹಾಕಿ ನೋಡಿ, ಹೌದು ಎರಡೇ, ಅಂತ ಸಮಾಧಾನವಾಗಿ ಟೀ ಕುಡಿಯಲು ಹೋಗುತ್ತಿದ್ದರು. ಮೋಟಾರು ಮಾತ್ರ ಬಿಚ್ಚಿದ ಹಾಗೇ ಬಿದ್ದಿರುತ್ತಿತ್ತು.

ಆದರೆ ಒಂದು ವಿಷಯದಲ್ಲಿ ಮಾವ ಕಟ್ಟುನಿಟ್ಟು. ಚೀಟಿಯನ್ನು ಬಲಗಡೆಯ ಕೊನೆಗೆ ಅವನು ತಾನಾಗಿ ಎಂದೂ ಸರಿಸುತ್ತಿರಲಿಲ್ಲ. ರೈತ ಮೋಟಾರು ಒಯ್ದು, ಬೋರಿಗೆ ಇಳಿಸಿ, ನೀರು ಬಂದದ್ದನ್ನು ಕಣ್ಣಾರೆ ನೋಡಿ, ವಾಪಸು ಬಂದು ತನ್ನ ಕೈಯಾರೆ ಸರಿಸಬೇಕು. "ನಾನು ಮುಗೀತು ಅಂದ್ರೆ ಮುಗೀತಾ? ನೀರು ಕಂಡೋನು ಹೇಳ್ಬೇಕು." ಬಬ್ಬೂರಿನ ಒಬ್ಬರು ಚೀಟಿ ಸರಿಸುವುದು ಮರೆತೆನೆಂದು ಹೊರಟ ಬಸ್ಸು ನಿಲ್ಲಿಸಿ, ಇಳಿದು ಬಂದು ಸರಿಸಿ ಹೋಗಿದ್ದರು. ಮಾವ ಎದ್ದು ನಿಂತು ಅವರಿಗೆ ಕೈಮುಗಿದಿದ್ದ.

ಮನೆಯಲ್ಲೂ ಇಂಥದೇ ಹಗ್ಗ ಕಟ್ಟಿ ಸಂಸಾರ ನಡೆಸಲು ನೋಡಿದ. ಅತ್ತೆ ಅದರ ಮೇಲೆ ಒದ್ದೆ ಸೀರೆ ಹರವಿ ಆ ವ್ಯವಸ್ಥೆಯನ್ನು ಒಂದೇ ಬೆಳಗಿಗೆ ಮುಗಿಸಿದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೊಸದುರ್ಗದಲ್ಲಿ ನನ್ನ ತಂಗಿಯ ಮದುವೆ ಬಂತು. ಉಸ್ತುವಾರಿ ಮಾವನದು. ಅಕ್ಕಿ ಬೇಳೆ ಅಡುಗೆಯವರು ನೋಡಿಕೊಳ್ಳುತ್ತಾರೆ, ಮದುವೆಯಲ್ಲಿ ನಿಜವಾದ ಕೆಲಸ ಒಂದೇ, ನೆಂಟರ ಮುನಿಸು, ಎಂದು ತೀರ್ಮಾನಿಸಿದ ಅವನು ಕಲ್ಯಾಣಮಂಟಪದ ಉಗ್ರಾಣದಲ್ಲಿ ಹಗ್ಗ ಕಟ್ಟಿದ. ಎಡಗಡೆ ಮುನಿಸಿಕೊಳ್ಳಲಿರುವವರು, ನಡುವೆ ಮುನಿಸಿಕೊಂಡವರು, ಬಲಗಡೆ ಸಮಾಧಾನವಾದವರು. ಒಬ್ಬೊಬ್ಬ ನೆಂಟರಿಗೂ ಒಂದೊಂದು ಚೀಟಿ, ಅದರಲ್ಲಿ ಕಾರಣ. 'ದೊಡ್ಡಮ್ಮ, ಬಿಸಿನೀರು ತಣ್ಣಗಾದರೆ.' 'ಹೊಳಲ್ಕೆರೆ ಚಿಕ್ಕಪ್ಪ, ಮೊದಲ ಪಂಕ್ತಿಯಲ್ಲಿ ಎಲೆ ಸಿಗದಿದ್ದರೆ.' ಚಿಕ್ಕಪ್ಪನಿಗೆ ಎಲೆ ಸಿಗಲಿಲ್ಲ, ಮುನಿಸಿಕೊಂಡರು. ಮಾವ ಸಿದ್ಧವಾಗಿದ್ದ. ಎರಡು ಹೋಳಿಗೆ ಹೆಚ್ಚಿಗೆ ಬಡಿಸಿ, ಕೈಹಿಡಿದು ಉಗ್ರಾಣಕ್ಕೆ ಕರೆತಂದು, ಚೀಟಿಯನ್ನು ಅವರ ಕೈಯಿಂದಲೇ ಬಲಕ್ಕೆ ಸರಿಸಿಸಿದ. ಚಿಕ್ಕಪ್ಪನಿಗೆ ಅದು ಎಷ್ಟು ಹಿಡಿಸಿತೆಂದರೆ ಸಂಜೆ ಇನ್ನೊಮ್ಮೆ ಮುನಿಸಿಕೊಂಡರು.

ಅಷ್ಟರಲ್ಲಿ ಬಾಳೆಹಣ್ಣಿಗೆಂದು ಅಮ್ಮ ಉಗ್ರಾಣಕ್ಕೆ ಬಂದಳು. ಎಡಗಡೆಯ ಮೊಟ್ಟಮೊದಲ ಚೀಟಿ ಅವಳದೇ. 'ಅಕ್ಕ, ಕಾರಣ ಬೇಕಿಲ್ಲ.'

ಅಮ್ಮ ಅಲ್ಲಿಯವರೆಗೆ ನಗುನಗುತ್ತಲೇ ಇದ್ದಳು. "ನಾನು ಕಾರಣ ಇಲ್ದೇ ಮುನಿಸ್ಕಂಬೋಳೇನೋ?" ಅಂದಳು. ಬುದ್ಧಿ ಇದ್ದವರಾದರೆ ಕಾಲಿಗೆ ಬೀಳುತ್ತಿದ್ದರು. ಮಾವ ಏನು ಮಾಡಿದ ಗೊತ್ತೇ? ಅವಳ ಕಣ್ಣೆದುರೇ ಚೀಟಿಯನ್ನು ಬಿಡಿಸಿ ನಡುವಿನ ಸಾಲಿಗೆ ಹಾಕಿದ.

ಅವತ್ತು ಅಕ್ಕ ತಮ್ಮನ ನಡುವೆ ನಿಂತ ಮಾತು ಒಂಬತ್ತು ವರ್ಷ ಹೊರಡಲಿಲ್ಲ. ನಗಬೇಡಿ, ಇದು ನಗುವ ಮಾತಲ್ಲ. ಅಜ್ಜಿ ತೀರಿಕೊಂಡಾಗ ಮಾವನಿಗೆ ಆರು ವರ್ಷ. ಅವನನ್ನು ಕಂಕುಳಲ್ಲಿ ಹೊತ್ತು, ತಲೆ ಬಾಚಿ, ಊಟ ಮಾಡಿಸಿ ಬೆಳೆಸಿದವಳು ಅಮ್ಮ. ಅಂಥವನು ಈಗ ಚಿತ್ರದುರ್ಗಕ್ಕೆ ಬಂದರೆ ನಮ್ಮ ಮನೆಯ ಗೇಟಿನ ಹತ್ತಿರ ನಿಂತು ನನ್ನನ್ನು ಮಾತಾಡಿಸಿ ಹೋಗುತ್ತಿದ್ದ. "ಬಂದೋರಿಗೆ ಕಾಫಿ ಕೊಡು," ಅಂತ ಅಮ್ಮ ಒಳಗಿನಿಂದಲೇ ನನಗೆ ಹೇಳುತ್ತಿದ್ದಳು. ಆ 'ಬಂದೋರಿಗೆ' ಅನ್ನುವ ಮಾತು ಕೇಳಿ ಮಾವನ ಮುಖ ಸಣ್ಣಗಾಗುತ್ತಿತ್ತು. ನನಗೆ ಇಬ್ಬರ ಮೇಲೂ ಕೋಪ ಬರುತ್ತಿತ್ತು.

ನಾನಾಗ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ನೋಡಿಕೊಳ್ಳುವ ಗುತ್ತಿಗೆದಾರರ ಆಫೀಸಿನಲ್ಲಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಾಗ, ಕೆಲಸಗಳ ಲೆಕ್ಕ ಇಡಲು ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಬಂತು. ಯಾವ ಗಾಳಿಯಂತ್ರ ಕೆಟ್ಟಿದೆ, ಯಾರು ಹತ್ತಬೇಕು, ಎಲ್ಲ ಅದರೊಳಗೆ. ಒಂದು ಗುಂಡಿ ಒತ್ತಿದರೆ ಪಟ್ಟಿ, ಇನ್ನೊಂದು ಒತ್ತಿದರೆ ಕ್ಯಾಲೆಂಡರು, ಮತ್ತೊಂದು ಒತ್ತಿದರೆ ಬೋರ್ಡು, ಅಂದರೆ ಮೂರು ಸಾಲಿನಲ್ಲಿ ನಿಂತ ಚೀಟಿಗಳು. ಯಾವ ನೋಟ ಇಡಬೇಕೆಂದು ಯಜಮಾನರಿಗೂ ಸ್ಟೋರಿನವರಿಗೂ ಒಂದು ವಾರ ಜಗಳವಾಯಿತು. ಆ ವಾರ ಗುಡ್ಡದ ಮೇಲೆ ಯಾರೂ ಹತ್ತಲಿಲ್ಲ.

ಫೋನಿನಲ್ಲಿ ಮಾವನಿಗೆ ಹೇಳಿದೆ. ಮಾರನೆಯ ದಿನ ಮೊದಲ ಬಸ್ಸಿಗೇ ಬಂದಿಳಿದ. ನಾನು ಗುಂಡಿ ಒತ್ತುತ್ತಾ ಹೋದೆ. ಪಟ್ಟಿ, ಕ್ಯಾಲೆಂಡರು, ಬೋರ್ಡು. "ಇನ್ನೊಂದ್ಸಲ ಒತ್ತು," ಅಂದ. ಅರ್ಧ ಗಂಟೆ ಒತ್ತಿದೆ. "ನನ್ ಹಗ್ಗ ಕಣ್ಲೇ ಇದು," ಅಂದವನ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಪ್ರತಿ ಶನಿವಾರ ಹಾಜರು. ಅವನಿಗಾಗಿ ಬೇರೆ ಪುಟ ತೆರೆದುಕೊಟ್ಟೆ. ಒಂದು ಬೆರಳಿನಲ್ಲಿ ತಡಕಾಡುತ್ತಾ ಮೋಟಾರುಗಳನ್ನೆಲ್ಲ ತುಂಬಿಸಿದ. ಒಂದು ಶನಿವಾರ ನೋಡುತ್ತೇನೆ, ಬೋರ್ಡಿನ ನಡುವಿನ ಸಾಲಿನಲ್ಲಿ ಮೋಟಾರುಗಳ ಮಧ್ಯೆ ಒಂದು ಚೀಟಿ. 'ಅಕ್ಕ, ಕಾರಣ ಬೇಕಿಲ್ಲ.' ಬಂದ ತಾರೀಖಿನ ಜಾಗದಲ್ಲಿ ತಂಗಿಯ ಮದುವೆಯ ದಿನ ಹಾಕಿದ್ದ. ಪಟ್ಟಿ ಒತ್ತಿದರೆ, ಎಲ್ಲಕ್ಕಿಂತ ಹಳೆಯ ಕೆಲಸವೆಂದು ಅದೇ ಮೇಲೆ ಬಂದು ಕೂತಿತು. ಕ್ಯಾಲೆಂಡರಿನಲ್ಲಿ ಮಾತ್ರ ಕಾಣಲಿಲ್ಲ.

"ಇಲ್ಲಿ ಅಕ್ಕ ಯಾಕೆ ಇಲ್ಲ?"

"ಮುಗಿಸೋ ತಾರೀಖು ಹಾಕಿಲ್ವಲ್ಲ ಮಾವ. ಯಾವತ್ತು ಮುಗಿಸ್ತೀನಿ ಅಂತ ಹೇಳದ ಕೆಲಸ ಅಲ್ಲಿ ಬರಲ್ಲ."

ಅವತ್ತಿನಿಂದ ಮಾವ ಕ್ಯಾಲೆಂಡರು ಬಿಟ್ಟು ಬೇರೆ ನೋಟ ತೆರೆಯಲೇ ಇಲ್ಲ, ಅಲ್ಲಿ ಆ ಚೀಟಿ ಕಣ್ಣಿಗೆ ಬೀಳುತ್ತಿರಲಿಲ್ಲವಲ್ಲ. ನೋಡಲಾರದೆ ನಾನೇ ಕೇಳಿದೆ, "ನಾನೇ ಬಲಕ್ಕೆ ಸರಿಸಿಬಿಡ್ಲಾ? ಯಾರಿಗೆ ಗೊತ್ತಾಗುತ್ತೆ?"

"ಕೈ ಮುರೀತೀನಿ. ನೀರು ಕಂಡೋರೇ ಸರಿಸ್ಬೇಕು."

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಇದ್ದಳು. ಮುಂದಿನ ಶನಿವಾರ ನಾನು ಹೊರಟಾಗ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮಾಫೀಸು ಎಷ್ಟು ದೂರ ಐತೆ? ನಡಿ ಹೋಗಾಣ."

ಅಮ್ಮ ಒಳಗೆ ಬಂದದ್ದೇ ಮಾವ ಕುರ್ಚಿಯಿಂದ ಎದ್ದ. ಅವಳು ಅವನ ಕಡೆ ನೋಡಲಿಲ್ಲ. ಕುರ್ಚಿಯಲ್ಲಿ ಕೂತು, "ಎಲ್ಲೈತಪ್ಪ ನನ್ ಚೀಟಿ?" ಅಂತ ನನ್ನನ್ನು ಕೇಳಿದಳು. ಬೋರ್ಡು ತೆರೆದೆ. ಚೀಟಿಯನ್ನು ಗಟ್ಟಿಯಾಗಿ ಓದಿದಳು. ಮೌಸು ಹಿಡಿಸಿ, ಒತ್ತಿ ಎಳೆಯಬೇಕು ಅಂತ ತೋರಿಸಿಕೊಟ್ಟೆ. ಚೀಟಿ ಅರ್ಧ ದಾರಿ ಹೋಯಿತು, ಅವಳ ಬೆರಳು ಜಾರಿತು, ಟಪ್ಪನೆ ನಡುವಿನ ಸಾಲಿಗೇ ವಾಪಸು. ಎರಡನೆಯ ಸಲವೂ ಹಾಗೇ. ಮಾವ ಅವಳ ಕುರ್ಚಿಯ ಹಿಂದೆ ಬಂದು ನಿಂತ.

"ಹೋಗ್ತಾನೇ ಇಲ್ವಲ್ಲೋ ಇದು," ಅಂದಳು ಅಮ್ಮ. ನನಗಲ್ಲ, ಮಾವನಿಗೆ.

"ಬೆರಳು ಬಿಡ್ಬಾರ್ದು ಕಣಕ್ಕ," ಅಂತ ಮಾವ ಬಗ್ಗಿ ಅವಳ ಕೈಮೇಲೆ ತನ್ನ ಕೈಯಿಟ್ಟ. ಇಬ್ಬರೂ ಸೇರಿ ಎಳೆದರು. ಚೀಟಿ ಮೆಲ್ಲಗೆ ಬಲಗಡೆಯ ಸಾಲಿಗೆ ಬಂತು. ಈಗ ಬೆರಳು ಬಿಟ್ಟರೆ ಅದು ಅಲ್ಲಿ ಕೂರುತ್ತದೆ. ಇಬ್ಬರೂ ಬಿಡಲಿಲ್ಲ. ನಾನೂ ಬಿಡಿ ಅನ್ನಲಿಲ್ಲ.